ಮಿಷನ್ನಿನ ಉಸಿರು, ಕೂಸಿನ ಎದೆ

"ಡಾಕ್ಟ್ರೇ, ಆ ಮಿಷನ್ ಹಾಕಿದ್ದಕ್ಕೇ ಅಲ್ವಾ ನಮ್ಮ ಕೂಸಿನ ಎದೆ ಕೆಟ್ಟೋಗಿದ್ದು?" ತಿಂಗಳು ತುಂಬದೆ ಹುಟ್ಟಿದ ಮಕ್ಕಳ ತಾಯ್ತಂದೆಯರು ನನ್ನನ್ನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು. ಚಾಮರಾಜನಗರದವರೂ ಕೇಳುತ್ತಾರೆ, ಗಡಿಯಾಚೆ ತಮಿಳುನಾಡಿನ ಹಾಸನೂರು, ಅರೇಪಾಳ್ಯ, ತಾಳವಾಡಿ ಕಡೆಯಿಂದ ಬರುವವರೂ ಕೇಳುತ್ತಾರೆ. ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕಿ ಮನೆ ಸೇರಿದ ಕೂಸಿಗೆ ಶೀತವಾದಾಗಲೆಲ್ಲ ಎದೆ ಗೊರಗೊರ ಅನ್ನುತ್ತದೆ, ಪಕ್ಕೆ ಸೆಳೆಯುತ್ತದೆ, ಮತ್ತೆ ಆಸ್ಪತ್ರೆ ಸೇರಬೇಕಾಗುತ್ತದೆ. ಆಗ ಮನೆಯ ಹಿರಿಯರಲ್ಲಿ ಯಾರಾದರೂ ಈ ಮಾತು ತೆಗೆಯುತ್ತಾರೆ. ಮಿಷನ್ ಹಾಕಲು ಒಪ್ಪಿ ಸಹಿ ಮಾಡಿದ ಅಪ್ಪ ತಾನೇ ತಪ್ಪಿತಸ್ಥ ಅನ್ನುವಂತೆ ತಲೆ ತಗ್ಗಿಸುತ್ತಾನೆ.

ನಾನು ಮುಚ್ಚುಮರೆ ಮಾಡದೆ ಹೇಳಿಬಿಡುತ್ತೇನೆ. ಹೌದು, ಮಿಷನ್ ಸ್ವಲ್ಪ ಗಾಯ ಮಾಡಿರುತ್ತದೆ. ಮಿಷನ್ ಇಲ್ಲದಿದ್ದರೆ ಕೂಸು ಉಳಿಯುತ್ತಿರಲಿಲ್ಲ, ಅದೂ ನಿಜ. ಎಷ್ಟೋ ಸಲ ನಾವು ವೈದ್ಯರು ಎರಡನೆಯ ಮಾತನ್ನಷ್ಟೇ ಹೇಳಿ ಮೊದಲನೆಯದನ್ನು ನುಂಗಿಕೊಳ್ಳುತ್ತೇವೆ. ಅದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಗಾಯ ಯಾಕಾಯಿತು, ಎಲ್ಲಿ ಆಯಿತು ಅಂತ ತಿಳಿದರೆ ಅಪ್ಪನ ತಲೆಯ ಮೇಲಿನ ಭಾರವೂ ಇಳಿಯುತ್ತದೆ, ಮುಂದಿನ ಬಸುರಿಗೆ ಏನು ಮಾಡಬಹುದು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಶ್ವಾಸಕೋಶ ಕಟ್ಟಿಕೊಳ್ಳುವ ಬಗೆ ನೋಡೋಣ. ತಾಯಿಯ ಹೊಟ್ಟೆಯಲ್ಲಿ ಕೂಸಿಗೆ ಉಸಿರಾಟದ ಗರಜೇ ಇಲ್ಲ. ಆಮ್ಲಜನಕ ಮಾಸಿನ ಮೂಲಕ ರಕ್ತದಲ್ಲೇ ಬರುತ್ತದೆ, ಶ್ವಾಸಕೋಶದ ತುಂಬ ನೀರಿರುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಗಾಳಿಕೊಳವೆಗಳು ಕವಲೊಡೆದು ಮುಗಿಯುತ್ತವೆ. ಆದರೆ ಅವು ಬರೀ ದಾರಿಗಳು. ಆ ದಾರಿಗಳ ತುದಿಯಲ್ಲಿ ಗಾಳಿ ಮತ್ತು ರಕ್ತ ಹತ್ತಿರ ಬರುವ ತೆಳು ಗೋಡೆಯ ಚೀಲಗಳು ಮೂಡುವುದು ಸುಮಾರು 24ನೇ ವಾರದ ನಂತರ. ನಾವು ಚಿತ್ರದಲ್ಲಿ ನೋಡುವ ದ್ರಾಕ್ಷಿ ಗೊಂಚಲಿನ ಆಕಾರದ ಗಾಳಿಗೂಡುಗಳು, ಅಂದರೆ ಆಲ್ವಿಯೋಲೈ, ಸರಿಯಾಗಿ ಶುರುವಾಗುವುದು 36ನೇ ವಾರದ ಆಸುಪಾಸಿನಲ್ಲಿ. ಬೆಳೆದ ಮನುಷ್ಯನ ಎದೆಯಲ್ಲಿ ಅಂಥ ಗೂಡುಗಳು ಸರಾಸರಿ 48 ಕೋಟಿ ಇರುತ್ತವೆ ಎಂದು 2004ರಲ್ಲಿ ಎಣಿಸಿ ಹೇಳಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆ, ಮೊದಲ ಎರಡು ಮೂರು ವರ್ಷಗಳಲ್ಲಿ ಕಟ್ಟಿಕೊಳ್ಳುತ್ತವೆ. ಹಾಗಾಗಿ 27ನೇ ವಾರಕ್ಕೇ ಹೊರಬಂದ ಕೂಸು, ಇನ್ನೂ ಕಟ್ಟಡದ ಕೆಲಸ ನಡೆಯುತ್ತಿರುವಾಗಲೇ ಆ ಶ್ವಾಸಕೋಶದಿಂದ ಬದುಕಬೇಕಾಗುತ್ತದೆ.

ಇಲ್ಲೊಂದು ಮಾತು. "ಏಳು ತಿಂಗಳ ಕೂಸು ಉಳೀತದೆ, ಎಂಟು ತಿಂಗಳದ್ದು ಉಳಿಯಲ್ಲ" ಅನ್ನುವ ನಂಬಿಕೆ ನಮ್ಮ ಕಡೆ ಇವತ್ತಿಗೂ ಗಟ್ಟಿಯಾಗಿದೆ. ಎಂಟು ತಿಂಗಳಿಗೆ ಹೆರಿಗೆ ನೋವು ಬಂದಾಗ ಮನೆಯವರು ಕೈಚೆಲ್ಲುವುದನ್ನು, ಏಳು ತಿಂಗಳಿಗೆ ಬಂದಾಗ "ಏನೂ ಆಗಲ್ಲ" ಅಂತ ತಡ ಮಾಡುವುದನ್ನು ಎರಡನ್ನೂ ನೋಡಿದ್ದೇನೆ. ಈ ನಂಬಿಕೆ ಪೂರ್ತಿ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಲಾಭವೇ. ಎಂಟು ತಿಂಗಳ ಕೂಸಿನ ಎದೆ ಏಳು ತಿಂಗಳದ್ದಕ್ಕಿಂತ ಎಷ್ಟೋ ಪಾಲು ಬಲಿತಿರುತ್ತದೆ.

ಗೂಡುಗಳು ಇದ್ದರಷ್ಟೇ ಸಾಲದು, ಅವು ತೆರೆದುಕೊಂಡಿರಬೇಕು. ನೀರಿನಲ್ಲಿ ನೆನೆದ ಪ್ಲಾಸ್ಟಿಕ್ ಕವರಿನ ಎರಡು ಪದರಗಳು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ! ಗಾಳಿಗೂಡಿನ ಒಳಗೋಡೆಗಳೂ ತೇವವಾಗಿರುವುದರಿಂದ ಉಸಿರು ಬಿಟ್ಟಾಗ ಹಾಗೇ ಅಂಟಿಕೊಳ್ಳಬೇಕಿತ್ತು. ಅಂಟದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದರ. ಅದನ್ನು ಶ್ವಾಸಕೋಶದ ಕೆಲವು ಜೀವಕೋಶಗಳೇ ತಯಾರಿಸುತ್ತವೆ. ಸಾಕಷ್ಟು ತಯಾರಾಗುವುದು ಸುಮಾರು 34–35ನೇ ವಾರಕ್ಕೆ. ಅದಕ್ಕೂ ಮುಂಚೆ ಹುಟ್ಟಿದ ಕೂಸಿಗೆ ಪ್ರತಿಯೊಂದು ಉಸಿರೂ ಮೊದಲನೆಯ ಉಸಿರಿನಷ್ಟೇ ಕಷ್ಟ. ಕೆಲವು ಗಂಟೆ ಹೆಣಗಾಡಿ, ನರಳಿ, ಪಕ್ಕೆ ಒಳಗೆ ಸೆಳೆದು ಸೆಳೆದು, ಕೊನೆಗೆ ಸುಸ್ತಾಗಿ ನಿಲ್ಲಿಸಿಬಿಡುತ್ತದೆ. ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಈ ಜಿಡ್ಡು ಕಡಿಮೆ ಇತ್ತು ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ. ಕಾರಣ ಗೊತ್ತಾದರೂ ಮದ್ದು ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು. ದೇಶದ ಅತ್ಯುತ್ತಮ ವೈದ್ಯರು ನೋಡಿಕೊಂಡರೂ ಆಗಸ್ಟ್ 9ರಂದು ತೀರಿಕೊಂಡ. ಅಷ್ಟು ತೂಕದ, ಅಷ್ಟು ವಾರದ ಕೂಸು ಇವತ್ತು ನಮ್ಮ ಜಿಲ್ಲಾ ಆಸ್ಪತ್ರೆಗಳ ಶಿಶು ಘಟಕದಿಂದ ನಗುನಗುತ್ತ ಮನೆಗೆ ಹೋಗುತ್ತದೆ. ನಡುವಿನ ಅರವತ್ತು ವರ್ಷದಲ್ಲಿ ಆದ ಕೆಲಸ ಸಣ್ಣದಲ್ಲ.

ಆ ಕೆಲಸದ ಮೊದಲ ಹೆಜ್ಜೆಯೇ ವೆಂಟಿಲೇಟರ್. 1960ರ ದಶಕದಲ್ಲಿ ದೊಡ್ಡವರಿಗೆ ಬಳಸುತ್ತಿದ್ದ ಮಿಷನ್ನುಗಳನ್ನು ಶಿಶುಗಳಿಗೂ ಹಾಕತೊಡಗಿದರು. ಸಾಯಬೇಕಾಗಿದ್ದ ಕೆಲವು ಕೂಸುಗಳು ಬದುಕಿದವು. ಬದುಕಿದವುಗಳ ಎಕ್ಸ್-ರೇ ನೋಡುತ್ತಿದ್ದ ಸ್ಟ್ಯಾನ್‌ಫೋರ್ಡಿನ ರೇಡಿಯಾಲಜಿಸ್ಟ್ ವಿಲಿಯಂ ನಾರ್ತ್‌ವೇ ಅವರಿಗೆ ಹಿಂದೆಂದೂ ಕಾಣದ ಚಿತ್ರವೊಂದು ಕಂಡಿತು: ಒಂದು ಕಡೆ ಗಾಯದ ಕಲೆ, ಪಕ್ಕದಲ್ಲೇ ಉಬ್ಬಿದ ಗಾಳಿಗುಳ್ಳೆ. 32 ಶಿಶುಗಳ ವಿವರ ಇಟ್ಟುಕೊಂಡು ಅವರ ತಂಡ 1967ರಲ್ಲಿ ಹೊಸ ಕಾಯಿಲೆಯೊಂದನ್ನು ವರ್ಣಿಸಿತು. ಅದರ ಹೆಸರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ. ಆಸ್ಪತ್ರೆಯಲ್ಲಿ ಎಲ್ಲರೂ ಬಿಪಿಡಿ ಅನ್ನುತ್ತಾರೆ. ನಿಮ್ಮ ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ ಈ ಮೂರಕ್ಷರ ಇದ್ದರೆ ಅದು ಇದೇ. ಅಂದರೆ ಅವ್ವ-ಅಪ್ಪಂದಿರು ಇವತ್ತು ಕೇಳುವ ಪ್ರಶ್ನೆಯನ್ನು ವೈದ್ಯರು ತಮಗೆ ತಾವೇ ಕೇಳಿಕೊಳ್ಳಲು ಶುರುಮಾಡಿ ಅರ್ಧ ಶತಮಾನ ದಾಟಿದೆ.

ಗಾಯ ಆಗುವುದು ಹೇಗೆ? ನಾವು ಉಸಿರೆಳೆಯುವಾಗ ವಪೆ ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಮಿಷನ್ ಗಾಳಿಯನ್ನು ಹೊರಗಿನಿಂದ ಒತ್ತಿ ಕಳಿಸುತ್ತದೆ. ಒತ್ತಿದ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಎಳೆ ಕೂಸಿನ ಶ್ವಾಸಕೋಶದಲ್ಲಿ ಒಂದಷ್ಟು ಭಾಗ ತೆರೆದಿರುತ್ತದೆ, ಒಂದಷ್ಟು ಮುಚ್ಚಿಕೊಂಡಿರುತ್ತದೆ. ಮುಚ್ಚಿದ ಕಡೆಗೆ ಹೋಗಬೇಕಾದ ಗಾಳಿಯೂ ತೆರೆದ ಕಡೆಗೇ ನುಗ್ಗಿ, ಅಲ್ಲಿನ ಗೋಡೆಗಳು ಮಿತಿಮೀರಿ ಹಿಗ್ಗುತ್ತವೆ. ಎರಡರ ಗಡಿಯಲ್ಲಿರುವ ಗೂಡುಗಳು ಪ್ರತಿ ಉಸಿರಿಗೂ ತೆರೆದು ಮುಚ್ಚಿ, ತೆರೆದು ಮುಚ್ಚಿ ಹರಿಯುತ್ತವೆ. ಬಹಳ ಕಾಲ ವೈದ್ಯರು ಒತ್ತಡವೇ ಕೆಡುಕು ಎಂದುಕೊಂಡಿದ್ದರು. 1988ರಲ್ಲಿ ಫ್ರಾನ್ಸಿನ ಡ್ರೇಫಸ್ ಮತ್ತು ಸಂಗಡಿಗರು ಇಲಿಗಳ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿ, ಹಿಗ್ಗದಂತೆ ಮಾಡಿ, ಹೆಚ್ಚಿನ ಒತ್ತಡ ಕೊಟ್ಟು ನೋಡಿದರು. ಶ್ವಾಸಕೋಶ ಕೆಡಲಿಲ್ಲ. ಪಟ್ಟಿ ಇಲ್ಲದೆ ಹಿಗ್ಗಲು ಬಿಟ್ಟಾಗ ಕೆಟ್ಟಿತು. ಅಂದರೆ ಕೆಡಿಸುವುದು ಹಿಗ್ಗುವಿಕೆ. ಇದು ನಮ್ಮ ಕೂಸುಗಳಿಗೆ ಬಹಳ ಮುಖ್ಯವಾದ ಮಾತು, ಯಾಕೆಂದರೆ ಅವುಗಳ ಪಕ್ಕೆಲುಬು ಇನ್ನೂ ಮೆತ್ತಗಿರುತ್ತದೆ. ಬಲಿತವರ ಎದೆಗೂಡು "ಇಷ್ಟು ಸಾಕು" ಅಂತ ತಡೆಯುವ ಜಾಗದಲ್ಲಿ ಎಳೆ ಎದೆಗೂಡು ತಡೆಯುವುದೇ ಇಲ್ಲ.

ಎಷ್ಟು ಗಾಳಿ ಬೇಕು ಅಂತ ಕೇಳಿದರೆ ಅಳತೆ ಕೇಳಿ ಬೆಚ್ಚಿಬೀಳುತ್ತೀರಿ. ಕಿಲೋ ತೂಕಕ್ಕೆ ನಾಲ್ಕರಿಂದ ಆರು ಮಿಲಿಲೀಟರ್. ಒಂದು ಕಿಲೋದ ಕೂಸಿಗೆ ಒಂದು ಉಸಿರಿಗೆ ಔಷಧದ ಒಂದು ಚಮಚದಷ್ಟು! ಹುಟ್ಟಿದೊಡನೆ ಅಳದ ಕೂಸಿನ ಮುಖಕ್ಕೆ ಮಾಸ್ಕ್ ಇಟ್ಟು ಕೈಯಲ್ಲಿ ಒತ್ತುವ ಬ್ಯಾಗ್ ಎಲ್ಲ ಹೆರಿಗೆ ಕೋಣೆಗಳಲ್ಲೂ ಇರುತ್ತದೆ. ನವಜಾತ ಶಿಶುಗಳಿಗೆಂದೇ ಮಾಡಿದ ಆ ಬ್ಯಾಗಿನಲ್ಲಿ ಹಿಡಿಯುವ ಗಾಳಿ ಸುಮಾರು 240 ಮಿಲಿಲೀಟರ್. ಗಾಬರಿಯಲ್ಲಿ ಇಡೀ ಅಂಗೈಯಿಂದ ಹಿಂಡಿದರೆ ಬೇಕಾದ್ದಕ್ಕಿಂತ ಎಷ್ಟು ಪಟ್ಟು ಹೋದೀತು, ನೀವೇ ಲೆಕ್ಕ ಹಾಕಿ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ದಿನ ತುಂಬದ ಕುರಿಮರಿಗಳಿಗೆ ಹುಟ್ಟಿದ ಕೂಡಲೇ ಬರೀ ಆರು ದೊಡ್ಡ ಉಸಿರು ಕೊಟ್ಟು ನೋಡಿದರು. ಆಮೇಲೆ ಕೊಟ್ಟ ಸರ್ಫ್ಯಾಕ್ಟಂಟ್ ಮದ್ದು ಆ ಮರಿಗಳಲ್ಲಿ ಸರಿಯಾಗಿ ಕೆಲಸ ಮಾಡಲೇ ಇಲ್ಲ. ಆರೇ ಉಸಿರು! ವೆಂಟಿಲೇಟರ್ ಮೇಲೆ ಆಪಾದನೆ ಹೊರಿಸುವ ಮುಂಚೆ ಹುಟ್ಟಿದ ಮೊದಲ ಐದು ನಿಮಿಷ ಏನಾಯಿತು ಅನ್ನುವುದನ್ನೂ ನೋಡಬೇಕು ಅಂತ ನಾನು ಕಲಿಯುವ ಡಾಕ್ಟರುಗಳಿಗೆ, ಸಿಸ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, ಎದೆ ಅಷ್ಟಿಷ್ಟು ಏಳುವುದು ಕಂಡರೆ ಸಾಕು.

ಗಾಳಿಯ ಪೆಟ್ಟಿನ ಜೊತೆಗೆ ಇನ್ನೂ ಎರಡು ಸೇರುತ್ತವೆ. ಒಂದು ಆಮ್ಲಜನಕ. ಗರ್ಭದಲ್ಲಿ ಕಡಿಮೆ ಆಮ್ಲಜನಕಕ್ಕೆ ಒಗ್ಗಿದ ಕೂಸಿಗೆ ಅದು ಹೆಚ್ಚಾದರೆ ಶ್ವಾಸಕೋಶದ ಜೀವಕೋಶಗಳೂ ಸುಡುತ್ತವೆ, ಕಣ್ಣಿನ ಅಕ್ಷಿಪಟಲವೂ ಕೆಡುತ್ತದೆ. 1940–50ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹೀಗೆ ಸಾವಿರಾರು ಮಕ್ಕಳು ಕುರುಡಾದರು. ಅದಕ್ಕೇ ಈಗ ಆಮ್ಲಜನಕವನ್ನು ಸಾಮಾನ್ಯ ಗಾಳಿಯೊಂದಿಗೆ ಬೆರೆಸಿ, ರಕ್ತದಲ್ಲಿ ಅದರ ಪ್ರಮಾಣ ಶೇ. 90ರಿಂದ 95ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. "ನೂರು ತೋರಿಸ್ತಾ ಇಲ್ವಲ್ಲಾ ಸಿಸ್ಟರ್" ಅಂತ ಕೇಳುವ ಅಪ್ಪಂದಿರಿಗೆ ಇದು ಗೊತ್ತಿರಲಿ. ಆಮ್ಲಜನಕ ಕೊಡುತ್ತಿರುವಾಗ ನೂರು ತೋರಿಸದಿರುವುದೇ ಒಳ್ಳೆಯದು. ಇನ್ನೊಂದು ಸೋಂಕು. ಗಂಟಲೊಳಗಿನ ನಳಿಗೆ ಮೂಗಿನ ಕಾವಲನ್ನು ದಾಟಿ ನೇರ ಶ್ವಾಸಕೋಶಕ್ಕೆ ದಾರಿ ಮಾಡುತ್ತದೆ. ಈ ಮೂರೂ ಸೇರಿ ಎದೆಯೊಳಗೆ ಉರಿಯೂತ ಹೊತ್ತಿಕೊಳ್ಳುತ್ತದೆ, ಆ ಉರಿಯೂತ ಗೂಡು ಕಟ್ಟುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ನಾರ್ತ್‌ವೇ ಕಂಡದ್ದು ಗಾಯದ ಕಲೆಗಳನ್ನು. ಇಂದು 26–28 ವಾರದ ಮಕ್ಕಳಲ್ಲಿ ನಾವು ಕಾಣುವ ಬಿಪಿಡಿ ಬಹುಮಟ್ಟಿಗೆ ಬೇರೆ ಥರದ್ದು: ಕಲೆ ಕಡಿಮೆ, ಆದರೆ ಗಾಳಿಗೂಡುಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು, ಸುತ್ತ ರಕ್ತನಾಳವೂ ಕಮ್ಮಿ. ಇದರಲ್ಲಿ ಮಿಷನ್ನಿನ ಪಾಲೆಷ್ಟು, ಬೇಗ ಹುಟ್ಟಿದ್ದರ ಪಾಲೆಷ್ಟು ಅಂತ ಒಂದು ಕೂಸಿನಲ್ಲಿ ಬಿಡಿಸಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಮಿಷನ್ ಹಾಕದೆ ಇದ್ದ ಕೆಲವು ಮಕ್ಕಳಿಗೂ ಬಿಪಿಡಿ ಬರುತ್ತದೆ.

ಹಾಗಾದರೆ ಮಿಷನ್ ಬಿಟ್ಟು ಬೇರೆ ದಾರಿ ಇಲ್ಲವೇ? ಇದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಒಂದು ಸರಳ ಉಪಾಯ ಪ್ರಕಟಿಸಿದರು. ಕೂಸು ತಾನೇ ಉಸಿರಾಡಲಿ, ಉಸಿರು ಬಿಟ್ಟಾಗ ಗೂಡುಗಳು ಪೂರ್ತಿ ಮುಚ್ಚದಂತೆ ಸಣ್ಣದೊಂದು ಒತ್ತಡವನ್ನು ಮಾತ್ರ ನಾವು ಹಿಡಿದಿಡೋಣ ಅನ್ನುವುದೇ ಆ ಉಪಾಯ. ಅದರ ಹೆಸರು ಸಿಪ್ಯಾಪ್. ಅವರು ಚಿಕಿತ್ಸೆ ಕೊಟ್ಟ 20 ಶಿಶುಗಳಲ್ಲಿ 16 ಬದುಕಿದವು. 1987ರಲ್ಲಿ ಅದೇ ಮೇರಿ ಎಲೆನ್ ಏವರಿ ಎಂಟು ಆಸ್ಪತ್ರೆಗಳ ಲೆಕ್ಕ ಹೋಲಿಸಿದಾಗ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಬಿಪಿಡಿ ಎದ್ದು ಕಾಣುವಷ್ಟು ಕಡಿಮೆ ಇತ್ತು. ಅಲ್ಲಿ ಜೆನ್-ಟಿಯೆನ್ ವುಂಗ್ ಎಂಬ ವೈದ್ಯರು ಹುಟ್ಟಿದ ಕೂಡಲೇ ಮೂಗಿಗೆ ಸಿಪ್ಯಾಪ್ ಹಾಕುತ್ತಿದ್ದರು, ಗಂಟಲಿಗೆ ನಳಿಗೆ ಇಳಿಸಲು ಅವಸರ ಮಾಡುತ್ತಿರಲಿಲ್ಲ. ಅವರ ಸಲಕರಣೆ ನಮ್ಮಲ್ಲಿ ಈಗ ಎಲ್ಲ ಕಡೆ ಕಾಣುತ್ತದೆ. ಮೂಗಿನಿಂದ ಹೊರಬರುವ ಗಾಳಿಯ ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಆಳಕ್ಕೆ ಮುಳುಗಿಸಿರುತ್ತಾರೆ. ಆ ಐದು ಸೆಂಟಿಮೀಟರ್ ನೀರಿನ ಭಾರವೇ ಕೂಸಿನ ಎದೆಯಲ್ಲಿ ಉಳಿಯುವ ಒತ್ತಡ. ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ಗುಳ್ಳೆ ನಿಂತರೆ ಎಲ್ಲೋ ಸೋರಿಕೆ, ಹೆಚ್ಚಾಗಿ ಮೂಗಿನ ತುಂಡು ಜಾರಿರುತ್ತದೆ ಅಥವಾ ಕೂಸು ಬಾಯಿ ತೆರೆದಿರುತ್ತದೆ. ಅನುಭವಿ ಸಿಸ್ಟರುಗಳು ಕಿವಿಯಲ್ಲೇ ಇದನ್ನು ಹಿಡಿಯುತ್ತಾರೆ. ಬೇರೆ ಕೂಸಿಗೆ ಹಾಲು ಕೊಡುತ್ತಿದ್ದವರು ಗುಳ್ಳೆಯ ಸದ್ದು ನಿಂತಿದ್ದಕ್ಕೆ ತಿರುಗಿ ನೋಡುತ್ತಾರೆ. ಇಂಥ ಒಬ್ಬ ಸಿಸ್ಟರ್ ಇರುವ ಘಟಕವನ್ನು ಲಕ್ಷಾಂತರ ರೂಪಾಯಿಯ ಮಿಷನ್ ಇರುವ ಘಟಕಕ್ಕಿಂತ ನಾನು ಹೆಚ್ಚು ನಂಬುತ್ತೇನೆ.

ಆದರೂ ಸಿಪ್ಯಾಪ್ ಎಲ್ಲರಿಗೂ ಸಾಲದು. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 25ರಿಂದ 28 ವಾರದ ಮಕ್ಕಳಿಗೆ ಮೊದಲು ಸಿಪ್ಯಾಪ್ ಹಾಕಿ ನೋಡಿದರು. ಅವರಲ್ಲಿ ಶೇ. 46ರಷ್ಟು ಮಕ್ಕಳಿಗೆ ಮೊದಲ ಐದು ದಿನಗಳಲ್ಲಿ ನಳಿಗೆ ಹಾಕಲೇಬೇಕಾಯಿತು. ಹಾಗಾಗಿ ನಿಮ್ಮ ಕೂಸಿಗೆ ವೆಂಟಿಲೇಟರ್ ಹಾಕಿದರು ಅಂದರೆ ಡಾಕ್ಟರ್ ಸುಲಭದ ದಾರಿ ಹಿಡಿದರು ಅಂತಲ್ಲ. ಇವತ್ತಿನ ಮಿಷನ್ನುಗಳು ಪ್ರತಿ ಉಸಿರಿನ ಗಾಳಿಯನ್ನು ಅಳೆದು, ಮಿಲಿಲೀಟರಿನ ಲೆಕ್ಕದಲ್ಲಿ ಹದಗೊಳಿಸುತ್ತವೆ. ಕೆಲವು ನಿಮಿಷಕ್ಕೆ ಆರುನೂರು ಸಲಕ್ಕೂ ಹೆಚ್ಚು ಅತಿ ಸಣ್ಣ ಉಸಿರು ಕೊಡುತ್ತವೆ. ಅದನ್ನು ಹಾಕಿದಾಗ ಕೂಸಿನ ಎದೆ ಅದುರುವುದನ್ನು ಕಂಡು ಫಿಟ್ಸ್ ಬಂತು ಅಂತ ಹೆದರುವವರಿದ್ದಾರೆ, ಹೆದರಬೇಡಿ. ಸರ್ಫ್ಯಾಕ್ಟಂಟನ್ನು ಹೊರಗಿನಿಂದ ಕೊಡುವುದು 1980ರಲ್ಲಿ ಜಪಾನಿನ ಟೆಟ್ಸುರೊ ಫುಜಿವಾರ ಅವರಿಂದ ಶುರುವಾಯಿತು. ಕಾಫಿಯಲ್ಲಿರುವ ಕೆಫೀನನ್ನೇ ಮದ್ದಾಗಿ ಕೊಟ್ಟರೆ ಕೂಸು ಉಸಿರು ಮರೆಯುವುದು ಕಡಿಮೆಯಾಗಿ ಮಿಷನ್ನಿನಿಂದ ಬೇಗ ಹೊರಬರುತ್ತದೆ. 2006ರ ಅಧ್ಯಯನದಲ್ಲಿ ಅದು ಬಿಪಿಡಿಯನ್ನು ಶೇ. 47ರಿಂದ 36ಕ್ಕೆ ಇಳಿಸಿತ್ತು.

ಶಿಶು ಘಟಕದ ಒಳಗೆ ಬರುವ ಅವ್ವಂದಿರನ್ನು ಅತಿ ಹೆಚ್ಚು ಕಾಡುವುದು ಮಾತ್ರ ಬೇರೆಯೇ ಒಂದು ಸಂಗತಿ. ನಳಿಗೆ ಹಾಕಿದ ಕೂಸು ಅಳುತ್ತದೆ, ಆದರೆ ಸದ್ದು ಬರುವುದಿಲ್ಲ. ಹುಬ್ಬು ಗಂಟಿಕ್ಕುತ್ತದೆ, ಬಾಯಿ ಅಗಲವಾಗುತ್ತದೆ, ಮುಖ ಕೆಂಪೇರುತ್ತದೆ, ಮುಷ್ಟಿ ಬಿಗಿಯುತ್ತದೆ, ದನಿ ಮಾತ್ರ ಇಲ್ಲ. "ನನ್ನ ಕೂಸು ಮೂಗನಾ ಡಾಕ್ಟ್ರೇ?" ಅಂತ ಕೇಳಿದ ತಾಯಿಯರಿದ್ದಾರೆ. ನಳಿಗೆ ಗಂಟಲಿನ ಸ್ವರತಂತುಗಳ ನಡುವೆ ಹಾದುಹೋಗುವುದರಿಂದ ಅವು ಕೂಡಿ ಅದುರಲಾರವು, ಅಷ್ಟೇ. ನಳಿಗೆ ತೆಗೆದ ದಿನ ದನಿ ಒಡಕಾಗಿ ಬರುತ್ತದೆ, ಆಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿ ಒಳಗೆ ಕರೆದುಕೊಂಡು ಹೋಗಬೇಕು. ಎರಡು ನಿಮಿಷದ ಮಾತು, ತಾಯಿಯ ಎಷ್ಟೋ ರಾತ್ರಿಗಳ ಸಂಕಟ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಾಸನೂರಿನಂಥ ಊರಿನ ಕೂಸಿನ ಶ್ವಾಸಕೋಶವನ್ನು ಕಾಪಾಡುವ ಅತಿ ದೊಡ್ಡ ಕೆಲಸ ನಡೆಯಬೇಕಾದದ್ದು ಹೆರಿಗೆಗೆ ಮುಂಚೆ, ಬೆಟ್ಟದ ಮೇಲೆಯೇ.

ಹಾಸನೂರಿನ ದಾರಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸತ್ಯಮಂಗಲ ಹುಲಿ ಮೀಸಲಿನ ನಡುವೆ ಹೆದ್ದಾರಿಯ ಮೇಲಿರುವ ಊರು. ದಕ್ಷಿಣಕ್ಕೆ ಹೋದರೆ ದಿಂಬಂ ಘಾಟಿನ 27 ತಿರುವು ಇಳಿದು ಬಣ್ಣಾರಿ, ಸತ್ಯಮಂಗಲ. ಉತ್ತರಕ್ಕೆ ಹೋದರೆ ಪುಣಜನೂರು ಚೆಕ್‌ಪೋಸ್ಟ್ ದಾಟಿ ಚಾಮರಾಜನಗರ. ಕಾರಪಳ್ಳಂ ಹತ್ತಿರ ಕಬ್ಬಿನ ಲಾರಿಗೆ ಆನೆ ಅಡ್ಡ ನಿಂತರೆ ಎರಡೂ ಕಡೆ ವಾಹನ ಸಾಲುಗಟ್ಟುತ್ತವೆ. 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ಅದು ಅನ್ವಯಿಸುವುದಿಲ್ಲ, ಆದರೆ ತಿರುವುಗಳೂ ಆನೆಗಳೂ ಆಂಬುಲೆನ್ಸಿಗೆ ವಿನಾಯಿತಿ ಕೊಡುವುದಿಲ್ಲ. ಒಂದು ಕಿಲೋದ ಕೂಸನ್ನು, ನಳಿಗೆ ಹಾಕಿ, ಕೈಯಲ್ಲಿ ಬ್ಯಾಗ್ ಒತ್ತುತ್ತ ಈ ದಾರಿಯಲ್ಲಿ ತರುವುದು ಎಂದರೆ ಪ್ರತಿ ತಿರುವಿನಲ್ಲೂ ಚಮಚದಷ್ಟು ಗಾಳಿಯ ಲೆಕ್ಕ ತಪ್ಪುತ್ತದೆ. ಇಂಥ ಪ್ರಯಾಣಕ್ಕೆಂದೇ ಬೆಂಗಳೂರಿನ ಕೋಯೋ ಲ್ಯಾಬ್ಸ್‌ನವರು "ಸಾನ್ಸ್" ಎಂಬ ಸಿಪ್ಯಾಪ್ ರೂಪಿಸಿದರು. ಕರೆಂಟು ಇಲ್ಲದ ಕಡೆ, ವಾಹನದೊಳಗೆ, ಕೊನೆಗೆ ಕೈಯಿಂದ ಪಂಪು ಮಾಡಿಯೂ ನಡೆಸಬಹುದಾದ ಸಾಧನ ಅದು. ಗಡಿಯ ಎರಡೂ ಬದಿಯ 108 ಆಂಬುಲೆನ್ಸುಗಳಲ್ಲಿ ಇಂಥದ್ದು ಇರಬೇಕು. ಆದರೆ ಕೂಸನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ಪೆಟ್ಟಿಗೆ ಯಾವುದೂ ಇಲ್ಲ. ಏಳನೇ ತಿಂಗಳಲ್ಲಿ ಸೊಂಟನೋವು ಬಿಟ್ಟು ಬಿಟ್ಟು ಬರುತ್ತಿದ್ದರೆ, ನೀರು ಹೋದರೆ, ರಕ್ತ ಕಂಡರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಹೊರಡಬೇಕು.

ಹೊರಡುವ ಮುಂಚೆ ಒಂದು ಇಂಜೆಕ್ಷನ್. ಅದರ ಕಥೆ ಕುರಿಗಳಿಂದಲೇ ಶುರುವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ತಜ್ಞ, ಹೆರಿಗೆ ನೋವನ್ನು ಶುರುಮಾಡುವುದು ಯಾವುದು ಎಂದು ಹುಡುಕುತ್ತ ಕುರಿಗಳ ಗರ್ಭಕ್ಕೆ ಸ್ಟೀರಾಯ್ಡ್ ಕೊಡುತ್ತಿದ್ದರು. ಬದುಕಲು ಸಾಧ್ಯವೇ ಇಲ್ಲದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡುತ್ತ ಮಲಗಿತ್ತು. ಕೊಯ್ದು ನೋಡಿದರೆ ಶ್ವಾಸಕೋಶ ಅಷ್ಟಿಷ್ಟು ಅರಳಿತ್ತು. ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ ಅವರು ತಾಯಂದಿರಲ್ಲಿ ಇದನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು: ಉಸಿರಾಟದ ತೊಂದರೆ ಶೇ. 25.8 ಇದ್ದದ್ದು ಶೇ. 9ಕ್ಕೆ ಇಳಿದಿತ್ತು. ತಾಯಿಗೆ ಕೊಟ್ಟ ಸ್ಟೀರಾಯ್ಡ್ ಮಾಸನ್ನು ದಾಟಿ ಹೋಗಿ ಕೂಸಿನ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ. ಗೋಡೆ ತೆಳುವಾಗುತ್ತದೆ, ಸರ್ಫ್ಯಾಕ್ಟಂಟ್ ಹೆಚ್ಚುತ್ತದೆ. ನಮ್ಮಲ್ಲಿ ಬಳಸುವುದು ಡೆಕ್ಸಾಮೆಥಸೋನ್. ಆರು ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ. ಕೆಲವೇ ರೂಪಾಯಿಯ ಔಷಧ. ಹುಟ್ಟಿದ ಮೇಲೆ ಕೊಡುವ ಸರ್ಫ್ಯಾಕ್ಟಂಟಿನ ಒಂದು ಶೀಷೆಗೆ ಸಾವಿರಗಟ್ಟಲೆ ಆಗುತ್ತದೆ. 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ 24ರಿಂದ 34 ವಾರದೊಳಗೆ ಹೆರಿಗೆ ನೋವು ಬಂದ ತಾಯಿಗೆ ಮೊದಲ ಡೋಸನ್ನು ಎಎನ್‌ಎಂ ಸಿಸ್ಟರೇ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದು.

ಈ ವಿಷಯದಲ್ಲಿ ಕರ್ನಾಟಕದ ನೆಲದಿಂದಲೇ ಬಂದ ಪಾಠವಿದೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡ ಎರಡು ಅಂತರರಾಷ್ಟ್ರೀಯ ಅಧ್ಯಯನಗಳು ಮೇಲ್ನೋಟಕ್ಕೆ ಒಂದಕ್ಕೊಂದು ಎದುರು ನಿಂತವು. 2015ರಲ್ಲಿ ಹೊರಬಂದ ಮೊದಲನೆಯದು ಆರು ದೇಶಗಳ ಹಳ್ಳಿಗಾಡಿನಲ್ಲಿ ಈ ಇಂಜೆಕ್ಷನ್ನನ್ನು ವ್ಯಾಪಕವಾಗಿ ಬಳಸಲು ಕಲಿಸಿ ನೋಡಿತು. ಶಿಶು ಮರಣ ಇಳಿಯಲಿಲ್ಲ, ಸ್ವಲ್ಪ ಏರಿತು. ದಿನ ಸರಿಯಾಗಿ ಗೊತ್ತಿಲ್ಲದೆ, ತಿಂಗಳು ತುಂಬಿದ ಎಷ್ಟೋ ತಾಯಂದಿರಿಗೂ ಔಷಧ ಹೋಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2020ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಿದ್ದವು. ಅಲ್ಲಿ ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡು, ಹುಟ್ಟುವ ಕೂಸಿಗೆ ಆರೈಕೆ ಇರುವ ಕಡೆಯಷ್ಟೇ ಕೊಟ್ಟರು. ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು, 25 ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಹೆಚ್ಚಿಗೆ ಉಳಿಯುತ್ತದೆ. ಎರಡನ್ನೂ ಸೇರಿಸಿ ಓದಿದರೆ ನನಗೆ ತಿಳಿಯುವುದು ಇಷ್ಟು: ಇಂಜೆಕ್ಷನ್ನಿನಷ್ಟೇ ಮುಖ್ಯವಾದದ್ದು ದಿನದ ಲೆಕ್ಕ.

ಆ ಲೆಕ್ಕ ಇರುವುದು ತಾಯಿಯ ಕಾರ್ಡಿನಲ್ಲಿ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿದದ್ದರಿಂದ ಹಾಸನೂರಿನ ಕನ್ನಡದ ತಾಯಿಯ ಕಾರ್ಡು ತಮಿಳಿನಲ್ಲಿರುತ್ತದೆ. ಗಡಿ ದಾಟಿ ಬಂದ ರಾತ್ರಿ ನಮ್ಮ ಡ್ಯೂಟಿ ಡಾಕ್ಟರಿಗೆ ತಮಿಳು ಓದಲು ಬಾರದು, ತಾಯಿಗೆ ನೋವಿನಲ್ಲಿ ಮಾತು ಹೊರಡದು. ನಾನು ಹುಡುಗರಿಗೆ ಹೇಳುವುದು: ಇಂಗ್ಲಿಷಿನಲ್ಲಿರುವ ಎಲ್‌ಎಂಪಿ (ಕೊನೆಯ ಮುಟ್ಟು), ಇಡಿಡಿ (ಹೆರಿಗೆಯ ಅಂದಾಜು ದಿನ) ತಾರೀಕು ಮೊದಲು ಹುಡುಕಿ, ಮೂರು ತಿಂಗಳೊಳಗಿನ ಸ್ಕ್ಯಾನ್ ಇದೆಯಾ ನೋಡಿ, ಇಂಜೆಕ್ಷನ್ ಕೊಟ್ಟ ಗಂಟೆ ಬರೆದಿದೆಯಾ ನೋಡಿ. ಹಾಸನೂರು, ತಾಳವಾಡಿಯ ಸಿಸ್ಟರುಗಳಲ್ಲಿ, ಆಶಾ ಅಕ್ಕಂದಿರಲ್ಲಿ ನನ್ನ ಕೋರಿಕೆಯೂ ಅದೇ. ಡೆಕ್ಸಾ ಕೊಟ್ಟರೆ ಔಷಧದ ಹೆಸರು, ಡೋಸು, ಗಂಟೆ, ಈ ಮೂರನ್ನು ದೊಡ್ಡದಾಗಿ ಬರೆಯಿರಿ. ಸೋಲಿಗರ ಪೋಡುಗಳ ಹೆಣ್ಣುಮಕ್ಕಳಿಗೆ ಮೊದಲ ಮೂರು ತಿಂಗಳಲ್ಲಿ ಒಂದು ಸ್ಕ್ಯಾನ್ ಮಾಡಿಸುವುದು ಕಷ್ಟದ ಕೆಲಸ, ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಆದರೂ ಮಾಡಿಸಿ. 2020ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸುಮಾರು 30 ಲಕ್ಷ ಅವಧಿಪೂರ್ವ ಶಿಶುಗಳಲ್ಲಿ ಎಷ್ಟರದ್ದೋ ಹಣೆಬರಹ ಆ ಒಂದು ಚೀಟಿಯ ಮೇಲೆ ನಿಂತಿತ್ತು.

ಈಗಾಗಲೇ ಮಿಷನ್ ಮೇಲಿದ್ದು ಮನೆಗೆ ಬಂದ ಮಕ್ಕಳ ಅವ್ವ-ಅಪ್ಪಂದಿರೇ, ನಿಮಗೊಂದು ಸಮಾಧಾನದ ಮಾತಿದೆ, ಅದು ಪೊಳ್ಳು ಸಮಾಧಾನವಲ್ಲ. ಗಾಳಿಗೂಡುಗಳು ಮೊದಲ ಎರಡು ಮೂರು ವರ್ಷ ಕಟ್ಟಿಕೊಳ್ಳುತ್ತಲೇ ಇರುತ್ತವೆ ಅಂದೆನಲ್ಲ, ನಿಮ್ಮ ಮಗುವಿನಲ್ಲೂ ಅದು ನಡೆಯುತ್ತಿದೆ. ಮೊದಲ ಎರಡು ವರ್ಷ ಆಸ್ಪತ್ರೆಯ ಓಡಾಟ ಹೆಚ್ಚು, ಆಮೇಲೆ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ. ದೊಡ್ಡವರಾದ ಮೇಲೂ ಊದುವ ಪರೀಕ್ಷೆಯಲ್ಲಿ ಕೆಲವರ ಶಕ್ತಿ ಸ್ವಲ್ಪ ಕಡಿಮೆ ಬರಬಹುದು, ಹಾಗಾಗಿ ಬೀಡಿ-ಸಿಗರೇಟು ಈ ಮಕ್ಕಳಿಗೆ ಎಂದೆಂದಿಗೂ ಬೇಡ. ಈಗ ಮಾಡಬೇಕಾದದ್ದು: ಎದೆಹಾಲು, ತೂಕ, ಹೊತ್ತಿಗೆ ಸರಿಯಾಗಿ ಲಸಿಕೆ. ಶೀತ ಇರುವವರು ಕೂಸನ್ನು ಎತ್ತಿ ಮುದ್ದಾಡದಿರಲಿ, ನೆಂಟರು ಬೇಜಾರು ಮಾಡಿಕೊಂಡರೂ ಚಿಂತೆಯಿಲ್ಲ. ಬೆಟ್ಟದ ಮನೆಗಳಲ್ಲಿ ಚಳಿಗೆ ಒಲೆಯ ಪಕ್ಕ ಕೂಸನ್ನು ಮಲಗಿಸುವ ರೂಢಿ ಇದೆ. ಸೌದೆಯ ಹೊಗೆ ಈ ಶ್ವಾಸಕೋಶಕ್ಕೆ ಮಿಷನ್ನಿಗಿಂತ ಕಡಿಮೆ ಪೆಟ್ಟು ಕೊಡುವುದಿಲ್ಲ. ಬೆಚ್ಚಗಿಡಲು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳಿ. ಅಪ್ಪನೂ ಕಟ್ಟಿಕೊಳ್ಳಬಹುದು, ಅಜ್ಜಿಯೂ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು, ಆಮೇಲೆ ಒಂದು ವರ್ಷದವರೆಗಿನದು 50 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಕಷಾಯ ಕೊಟ್ಟು ನೋಡೋಣ ಅನ್ನದೆ ಆಸ್ಪತ್ರೆಗೆ ಬನ್ನಿ. ಬರುವಾಗ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತಪ್ಪದೆ ತನ್ನಿ. ಎಷ್ಟು ವಾರಕ್ಕೆ ಹುಟ್ಟಿತು, ಎಷ್ಟು ದಿನ ಮಿಷನ್ ಮೇಲಿತ್ತು, ಎಷ್ಟು ದಿನ ಆಮ್ಲಜನಕ ಬೇಕಾಯಿತು ಅನ್ನುವ ಮೂರು ಸಂಗತಿ ಅದರಲ್ಲಿದ್ದರೆ, ಗಡಿಯ ಯಾವ ಬದಿಯ ಡಾಕ್ಟರಾದರೂ ಕೂಸನ್ನು ಮುಟ್ಟುವ ಮುಂಚೆಯೇ ಅರ್ಧ ತಿಳಿದುಕೊಂಡಿರುತ್ತಾರೆ. ಅದರಲ್ಲಿ ಬರೆದಿಲ್ಲದಿದ್ದರೆ ಬಿಡುಗಡೆಯಾಗುವ ದಿನವೇ ಕೇಳಿ ಬರೆಸಿಕೊಳ್ಳಿ.